ತಿಳಿನೀರಿನ ಕ್ಯಾನು

23 ಅಕ್ಟೋಬರ್ 2024

ಚಿರಂಜೀವಿ ಗೋಕಿಲಾಳಿಗೆ ಅಪ್ಪನ ಆಶೀರ್ವಾದ.

ಕಂಡಕ್ಟರ್ ಈಶ್ವರನ್ ಕೈಯಲ್ಲಿ ಈ ಪತ್ರ ಮತ್ತು ನೀರಿನ ಕ್ಯಾನು ಎರಡನ್ನೂ ಕೊಟ್ಟಿದ್ದೇನೆ. ಕೊಯಮತ್ತೂರಿನ ಸಿಂಗಾನಲ್ಲೂರು ಬಸ್‌ಸ್ಟ್ಯಾಂಡಿನಲ್ಲಿ ನೀನೇ ಬಂದು ಇಳಿಸಿಕೊಳ್ಳುತ್ತೀಯ ಎಂದು ನಿನ್ನಮ್ಮ ಹೇಳಿದಳು. ನೀವಿಬ್ಬರೂ ಫೋನಿನಲ್ಲಿ ಮಾತಾಡಿಕೊಳ್ಳುತ್ತೀರಿ. ಜೀವಮಾನವೆಲ್ಲ ಪವರ್‌ಲೂಮ್ ಮುಂದೆ ನಿಂತವನಿಗೆ ಫೋನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ; ನಮ್ಮ ಮನೆಯಲ್ಲಿ ನನಗೊಬ್ಬನಿಗೇ ಇಲ್ಲ. ಮಗ್ಗದ ಷೆಡ್ಡಿನಲ್ಲಿ ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದೆವು, ಆ ವಿದ್ಯೆಯೊಂದು ಉಳಿದಿದೆ. ಅದು ಬಿಟ್ಟರೆ ಪತ್ರ. ನಾನು ಚಾಮರಾಜನಗರದ ಅಜ್ಜಿ ಮನೆಯಲ್ಲಿ ಕಲಿತು ನಿನಗೆ ಕಲಿಸಿದ ಅಕ್ಷರ ಕೊನೆಗೆ ಹೀಗೆ ಉಪಯೋಗಕ್ಕೆ ಬಂತು. ನಮ್ಮ ಬೀದಿಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದುವವರು ಒಬ್ಬರೂ ಇಲ್ಲ. ನಿನ್ನಮ್ಮನಿಗೂ ಬರುವುದು ತಮಿಳು ಅಕ್ಷರವೇ. ಆದ್ದರಿಂದ ನೀನು ಏನು ಬರೆದರೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಹಾಗೆ. ತಿಣ್ಣೆಯ ಮೇಲೆ ಕೂತು ಮನಸ್ಸಿನಲ್ಲೇ ಓದಿಕೊಳ್ಳುತ್ತೇನೆ, ತುಟಿ ಮಾತ್ರ ಆಡುತ್ತದೆ. ಆಗ ನಿನ್ನಮ್ಮ ಎದುರು ನಿಂತು ಯಾಕೋ ಕೈಯಾಡಿಸುತ್ತಾಳೆ. ನೊಣ ಓಡಿಸುತ್ತಾಳೋ ಏನೋ.

ಇನ್ನು ವಿಷಯಕ್ಕೆ ಬರುತ್ತೇನೆ. ಹಿಂಗಾರಿನ ಮೊದಲ ಮಳೆ ಬಿದ್ದ ಮರುದಿನ ಕೆರೆಯಲ್ಲಿ ಕಟ್ಲಾ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿತು. ಜಿಲೇಬಿ ಮೀನು ಮಾತ್ರ ಗಟ್ಟಿ ಜೀವ, ಬಾಯಿ ಬಿಟ್ಟುಕೊಂಡು ಉಳಿಯಿತು. ಊರವರೆಲ್ಲ ನಿನ್ನ ಚಿಕ್ಕಪ್ಪನ ಬಣ್ಣದ ಷೆಡ್ಡಿನ ಕಡೆ ಬೆರಳು ತೋರಿಸಿದರು. ನೂಲಿಗೆ ಬಣ್ಣ ಹಿಡಿಯಲು ಕುಮರೇಶನ್ ಪಡಿಕಾರ ಉಪಯೋಗಿಸುತ್ತಾನಲ್ಲ, ಆ ಪಟಿಕದ ಕಲ್ಲಿನಲ್ಲಿ ಅಲ್ಯೂಮಿನಿಯಂ ಇದೆ, ಅದೇ ಮೀನನ್ನು ಕೊಂದದ್ದು ಎಂದು ಯಾರೋ ಓದಿದ ಹುಡುಗ ಹೇಳಿದನಂತೆ. ಪಂಚಾಯತಿಯಲ್ಲಿ ಕುಮರೇಶನ್ ಎದ್ದು ನಿಂತು, "ನಮ್ಮ ಗೋಕಿಲಾ ಅಳೆದು ಹೇಳ್ಲಿ. ಅವ್ಳು ಹೇಳಿದ್ದು ನನಗೆ ಸರಿ" ಎಂದ. ತುಟಿ ಓದಿದೆ, ಎದೆ ತುಂಬಿತು.

ನಿಮ್ಮ ನೀರು ಪರೀಕ್ಷೆಯ ಆಫೀಸಿನವರು ಬಂದು ನೀರು ತುಂಬಲು ತಡವಾಗುತ್ತದೆ ಎಂದೆಯಂತೆ. ಆದ್ದರಿಂದ ನೀನು ಕಳಿಸಿದ ಕ್ಯಾನಿನಲ್ಲಿ ನಾನೇ ತುಂಬಿದೆ. ಕೆರೆ ಕಾವಿ ಕಲಸಿದ ಹಾಗೆ ಕೆಂಪಗಿದೆ. ಸಂಜೆ ಬಸ್ಸಿಗೇ ಕೊಡೋಣವೆಂದರೆ ನಿನ್ನಮ್ಮ ಬಿಡಲಿಲ್ಲ, ಬೆಳಿಗ್ಗೆ ನಾನೇ ಕಟ್ಟಿ ಕೊಡುತ್ತೇನೆ ಎಂದಳು. ಮಗಳ ಆಫೀಸಿಗೆ ಹೋಗುವ ನೀರಲ್ಲವೇ, ಕ್ಯಾನಿನ ಬಾಯಿಗೆ ಒಗೆದ ಬಟ್ಟೆ ಕಟ್ಟಿದ್ದಾಳೆ ನೋಡು.

ನಿನ್ನ ಅಪ್ಪ,
ಗೋವಿಂದಸಾಮಿ

•

ಗಣಪತಿ ಬಡಾವಣೆ, ಕೊಯಮತ್ತೂರು
4 ನವೆಂಬರ್ 2024

ಪ್ರೀತಿಯ ಅಪ್ಪನಿಗೆ,

ಈ ಪತ್ರವನ್ನು ಎರಡು ಸಲ ಬರೆದು ಹರಿದೆ. ಕೆಳಗಿನ ಪಂಪ್ ವರ್ಕ್‌ಶಾಪಿನ ಲೇತ್ ಸದ್ದಿನಲ್ಲಿ ಕೂತು ಮೂರನೆಯ ಸಲ ಬರೆಯುತ್ತಿದ್ದೇನೆ.

ನೀರಿನಲ್ಲಿ ಅಲ್ಯೂಮಿನಿಯಂ ಇದೆ ಅಪ್ಪಾ, ಬಹಳ ಇದೆ. ನೀರು ಹುಳಿಯಾಗಿಯೂ ಇದೆ. ನಾವು ಬರೀ ಯಂತ್ರದ ಲೆಕ್ಕ ನಂಬುವುದಿಲ್ಲ, ಆ ನೀರಿನಲ್ಲಿ ಮೀನಿನ ಮರಿಗಳನ್ನೂ ಬಿಟ್ಟು ನೋಡುತ್ತೇವೆ. ಪಕ್ಕದ ತೊಟ್ಟಿಯ ಒಳ್ಳೆಯ ನೀರಿನಲ್ಲಿದ್ದ ಮರಿಗಳು ಆಡಿಕೊಂಡಿದ್ದವು. ನಮ್ಮ ಕೆರೆಯ ನೀರಿನಲ್ಲಿ ಬಿಟ್ಟವು ಒಂದೂ ಉಳಿಯಲಿಲ್ಲ. ಹುಳಿ ನೀರಿನಲ್ಲಿ ಕರಗಿದ ಅಲ್ಯೂಮಿನಿಯಂ ಮೀನಿನ ಕಿವಿರಿಗೆ ಬಂದು ಅಂಟುತ್ತದೆ. ಅಲ್ಲಿಂದಲೇ ಅದು ಉಸಿರಾಡುವುದು. ಮೇಲೆ ಬಂದು ಬಾಯಿ ಬಿಟ್ಟು ಬಿಟ್ಟು ಸಾಯುತ್ತದೆ. ಸತ್ತ ಮರಿಗಳ ಕಿವಿರು ನೋಡಿದೆ. ಬಿಳಿಯ ಪೊರೆ ಕಟ್ಟಿತ್ತು.

ನಮ್ಮ ಲ್ಯಾಬಿನ ವಿನೋದಿನಿ ಮೇಡಂ, "ನಿಮ್ಮೂರಿನ ನೀರು, ವರದಿಗೆ ಬೇರೆಯವರಿಂದ ಸಹಿ ಮಾಡಿಸಲಾ?" ಎಂದು ಕೇಳಿದರು. ಚಿಕ್ಕಪ್ಪ ನನ್ನ ಹೆಸರು ಹೇಳಿ ನಂಬಿಕೆ ಇಟ್ಟಿದ್ದಾರೆ, ನಾನೇ ಮಾಡುತ್ತೇನೆ ಎಂದೆ. ಸಹಿ ಮಾಡಿದೆ. ಆಮೇಲೆ ರೂಮಿಗೆ ಬಂದು ಊಟ ಸೇರಲಿಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಅದೇ ಕೆರೆಯಲ್ಲಿ ಈಜು ಕಲಿಸಿದವರು ಅವರು.

ಪಂಚಾಯತಿಗೆ ಕಾಗದ ತಲುಪುವ ಮೊದಲು ಚಿಕ್ಕಪ್ಪನಿಗೆ ನೀವೇ ಹೇಳಿ. ಬೇರೆಯವರ ಬಾಯಿಂದ ಅವರು ಕೇಳಬಾರದು.

ನಿಮ್ಮ ಮಗಳು,
ಗೋಕಿಲಾ

•

21 ನವೆಂಬರ್ 2024

ಚಿರಂಜೀವಿ ಗೋಕಿಲಾಳಿಗೆ,

ಹೇಳಲು ಹೋದೆ. ನಮ್ಮೆರಡು ಮನೆಗಳ ಮಧ್ಯದ ನಡುಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಕುಮರೇಶನ್ ಆಗಲೇ ತಲೆ ಬಗ್ಗಿಸಿ ಕೂತಿದ್ದ. ಅವನ ಹೆಂಡತಿ ಜಾನಮ್ಮ ನನ್ನನ್ನು ನೋಡಿ ಮುಖ ತಿರುಗಿಸಿದಳು. ಯಾರು ಮೊದಲು ಹೇಳಿಬಿಟ್ಟರೋ ನನಗೆ ಗೊತ್ತಾಗಲಿಲ್ಲ. ಕಾಗದ ಪಂಚಾಯತಿಗೆ ಇನ್ನೂ ಬಂದಿರಲಿಲ್ಲ.

ಈಗ ಅದೂ ಬಂದು ಷೆಡ್ಡಿಗೆ ಬೀಗ ಬಿದ್ದಿದೆ. ಬಣ್ಣ ಹಾಕಿ ಒಣಗಿಸಿದ ನೂಲು ಒಳಗೇ ಉಳಿಯಿತು, ಅದನ್ನಾದರೂ ತೆಗೆದುಕೊಳ್ಳುತ್ತೇನೆ ಎಂದು ಕುಮರೇಶನ್ ಕೇಳಲಿಲ್ಲ. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದಾನಂತೆ. ಸ್ವಂತ ಕೈಯ ಬಣ್ಣದಿಂದ ಹೆಸರು ಮಾಡಿದವನು ಯಾರದೋ ಬನಿಯನ್ನಿನ ದಾರ ಕತ್ತರಿಸುತ್ತಿದ್ದಾನೆ. ವಾರಕ್ಕೊಮ್ಮೆಯೂ ಊರಿಗೆ ಬರುವುದಿಲ್ಲ. ನಡುಬಾಗಿಲಿಗೆ ಆ ಕಡೆಯಿಂದ ಅಗುಳಿ ಹಾಕಿದ್ದಾರೆ. ನಮ್ಮಪ್ಪ ಮನೆ ಭಾಗ ಮಾಡಿದಾಗಲೂ ಆ ಬಾಗಿಲು ಮುಚ್ಚಿರಲಿಲ್ಲ.

ನಿನ್ನ ಅಳತೆಯಲ್ಲಿ ತಪ್ಪಿದೆ ಎಂದು ನಾನು ಹೇಳುವುದಿಲ್ಲ. ನನ್ನ ಮಗಳು ಸುಳ್ಳು ಬರೆಯುವವಳಲ್ಲ. ಆದರೂ ಕೆರೆ ದಂಡೆಗೆ ಹೋದಾಗಲೆಲ್ಲ ಒಂದು ಅನುಮಾನ ಕೊರೆಯುತ್ತದೆ. ಷೆಡ್ಡು ಮುಚ್ಚಿ ಇಷ್ಟು ದಿನವಾದರೂ ನೀರು ನಾನು ತುಂಬಿಕೊಟ್ಟ ದಿನ ಇದ್ದ ಹಾಗೆಯೇ ಕೆಂಪಗಿದೆ. ಉಳಿದ ಜಿಲೇಬಿ ಮೀನು ಅದರಲ್ಲೇ ಮರಿ ಹಾಕಿದೆ. ವಿಷ ಇದ್ದರೆ ಮರಿ ಬದುಕುತ್ತದೆಯೇ?

ನಿನ್ನಮ್ಮ ಚೆನ್ನಾಗಿದ್ದಾಳೆ. ಜಾನಮ್ಮನ ಜೊತೆ ಮಾತಿಲ್ಲದೆ ಒಣಗಿಹೋಗಿದ್ದಾಳೆ ಅಷ್ಟೆ.

ಅಪ್ಪ

•

26 ನವೆಂಬರ್ 2024

ಅಪ್ಪಾ,

ನೀವು ತುಂಬಿದ ನೀರು ಕೆಂಪಗಿತ್ತು ಎಂದು ಎರಡು ಪತ್ರದಲ್ಲೂ ಬರೆದಿದ್ದೀರಿ. ಮೊದಲ ಸಲ ಓದಿಯೂ ನಾನು ಗಮನಿಸಲಿಲ್ಲ. ನನಗೆ ತಲುಪಿದ ಕ್ಯಾನಿನಲ್ಲಿ ಇದ್ದದ್ದು ಗಾಜಿನಂಥ ತಿಳಿನೀರು.

ಆ ರಾತ್ರಿ ಮನೆಯಲ್ಲಿ ಯಾರು ಏನು ಮಾಡಿದರು? ಗದರಬೇಡಿ, ಮೆಲ್ಲಗೆ ವಿಚಾರಿಸಿ. ಉತ್ತರವನ್ನು ಈಶ್ವರನ್ ಅಣ್ಣನ ಕೈಯಲ್ಲೇ ಕೊಡಿ, ಬಸ್‌ಸ್ಟ್ಯಾಂಡಿಗೆ ಬಂದು ಕಾಯುತ್ತೇನೆ.

ಗೋಕಿಲಾ

•

28 ನವೆಂಬರ್ 2024

ಗೋಕಿಲಾ,

ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನಿನ್ನಮ್ಮನನ್ನು ಕೇಳಿದೆ. ನಗುನಗುತ್ತಾ ಹೇಳಿದಳು. ಅವಳ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ.

"ಅಷ್ಟು ಕಲಕು ನೀರ ಹೆಂಗೆ ಕಳ್ಸೋದುಂಗ? ನಾಲ್ಕು ಜನ ಓದಿದವ್ರು ಇರೋ ಜಾಗ. ಗೋಕಿಲಾ ಊರ್ನಾಗೆ ಇಂಥ ತಣ್ಣಿ ಕುಡೀತಾರಾ ಅಂತ ನಗ್ತಾರೆ. ಅದ್ಕೇ ಪಡಿಕಾರ ಹಾಕ್ದೆ. ಕುಡಿಯೋ ಕೊಡಕ್ಕೆ ಒಂದು ಸುತ್ತು ಆಡಿಸ್ತೀನಿ, ಅವಳ ನೀರಿಗೆ ದೊಡ್ಡ ತುಂಡೇ ಹಾಕಿ ರಾತ್ರಿಯೆಲ್ಲ ಬಿಟ್ಟೆ. ಬೆಳಿಗ್ಗೆ ಮೇಲಿನ ತಿಳಿ ಮಾತ್ರ ಬಗ್ಗಿಸಿ ಕ್ಯಾನಿಗೆ ತುಂಬ್ದೆ. ಚೆನ್ನಾಗಿತ್ತಲ್ಲ?"

ಬಾಗಿಲ ಮೇಲೆ ದೃಷ್ಟಿಗೆ ಕಟ್ಟಿರುವ ಪಡಿಕಾರದ ಗೆಡ್ಡೆಯನ್ನು ಕೈಯೆತ್ತಿ ತೋರಿಸಿದಳು. ಅದರಿಂದಲೇ ಮುರಿದದ್ದಂತೆ.

ಚೆನ್ನಾಗಿತ್ತು ಎಂದೆ. ಇದನ್ನು ಬರೆಯುತ್ತಾ ಬರೆಯುತ್ತಾ ನನ್ನ ಕೈ ನಿಂತಿತು. ನಾನು ಓದಿದವನಲ್ಲ, ಆದರೆ ಕುಮರೇಶನ್ ಷೆಡ್ಡಿನಲ್ಲಿರುವುದು ಏನು, ನಮ್ಮ ಬಾಗಿಲ ಮೇಲಿರುವುದು ಏನು ಎಂದು ತಿಳಿಯದಷ್ಟು ಮೂಢನೂ ಅಲ್ಲ. ನಾನು ಹೆದರಿದ್ದೇನೆ. ನಾನು ಅಂದುಕೊಂಡಿದ್ದು ಹೌದಾ ಅಲ್ಲವಾ, ಅಷ್ಟು ಬರೆ.

ಅಪ್ಪ

•

14 ಡಿಸೆಂಬರ್ 2024

ಅಪ್ಪಾ,

ಹೌದು.

ಕಳೆದ ವಾರ ನಾನು ಊರಿಗೆ ಬಂದಿದ್ದೆ. ಬೆಳಕು ಹರಿಯುವಾಗ ಕೆರೆಗೆ ಬಂದು, ನಾನೇ ಬಾಟಲಿಗಳಿಗೆ ತುಂಬಿಕೊಂಡು ಹಾಗೇ ಹಿಂತಿರುಗಿದೆ. ನಮ್ಮ ಬೀದಿಯ ತಿರುವಿನವರೆಗೂ ಬಂದೆ. ಅಮ್ಮ ಬಾಗಿಲಿಗೆ ನೀರು ಚಿಮುಕಿಸುತ್ತಿದ್ದದ್ದು ಕಂಡಿತು. ಕಾಲು ಮುಂದೆ ಬರಲಿಲ್ಲ. ಕ್ಷಮಿಸಿ.

ಈಗ ಅಳೆದದ್ದನ್ನು ಹೇಳುತ್ತೇನೆ. ನಮ್ಮ ಕೆಂಪು ನೀರನ್ನು ತೀಕ್ಷ್ಣವಾದ ಆಮ್ಲದಲ್ಲಿ ಕುದಿಸಿದರೆ ಅಲ್ಯೂಮಿನಿಯಂ ತುಂಬಾ ಕಾಣುತ್ತದೆ. ಏಕೆಂದರೆ ಜೇಡಿಮಣ್ಣಿನಲ್ಲೇ ಅದು ಇದೆ, ಆಮ್ಲ ಮಣ್ಣನ್ನೂ ಬಿಡದೆ ಕರಗಿಸುತ್ತದೆ. ಆದರೆ ಮಣ್ಣಿನೊಳಗೆ ಕೂತದ್ದು ಮೀನಿಗೆ ಏನೂ ಮಾಡುವುದಿಲ್ಲ, ಕಿವಿರಿಗೆ ಅಂಟುವುದೂ ಇಲ್ಲ. ಸೌಮ್ಯವಾದ ಆಮ್ಲದಲ್ಲಿ, ಕುದಿಸದೆ, ಮೀನಿಗೆ ತಾಗುವಷ್ಟನ್ನು ಮಾತ್ರ ಬಿಡಿಸಿ ಅಳೆಯುವ ಒಂದು ದಾರಿಯಿದೆ. ಹಾಗೆ ಅಳೆದೆ. ಹೆಸರಿಗಷ್ಟೇ ಇದೆ. ಚಿಕ್ಕಪ್ಪನ ಷೆಡ್ಡಿನ ಕಾಲುವೆ ಸೇರುವ ಕಡೆಯೂ ಅಷ್ಟೇ. ಈ ನೀರಿನಲ್ಲಿ ಬಿಟ್ಟ ಮರಿಗಳೆಲ್ಲ ಬದುಕಿವೆ, ದಿನವೂ ನಾನೇ ತಿಂಡಿ ಹಾಕುತ್ತೇನೆ. ಮಳೆಗೆ ಕೊಚ್ಚಿಬಂದ ಕಸ ಕೊಳೆತು ನೀರಿನಲ್ಲಿ ಗಾಳಿ ಕಡಿಮೆಯಾಗಿ ಕಟ್ಲಾ ಸತ್ತಿರಬೇಕು. ಜಿಲೇಬಿ ಕಡಿಮೆ ಗಾಳಿಯನ್ನು ತಡೆದುಕೊಳ್ಳುತ್ತದೆ. ಅದು ಬಾಯಿ ಬಿಟ್ಟುಕೊಂಡು ಉಳಿಯಿತೆಂದು ನೀವು ಮೊದಲ ಪತ್ರದಲ್ಲೇ ಬರೆದಿದ್ದಿರಿ.

ಮೊದಲ ಕ್ಯಾನಿನಲ್ಲಿ ಮರಿಗಳನ್ನು ಕೊಂದದ್ದು ನಮ್ಮ ಮನೆಯ ಪಡಿಕಾರ. ನೀರನ್ನು ಹುಳಿ ಮಾಡಿದ್ದೂ ಅದೇ. ಅಮ್ಮನ ತಪ್ಪಿಲ್ಲ. ಮಳೆಗಾಲದ ಕೆರೆಯ ನೀರು ಅಷ್ಟು ತಿಳಿಯಾಗಿರುವುದು ಸಾಧ್ಯವಿಲ್ಲ ಎಂದು ಆ ಕೆರೆಯಲ್ಲೇ ಬೆಳೆದ ನನಗೆ ಹೊಳೆಯಬೇಕಿತ್ತು. ತಿಳಿಯಾಗಿದೆ, ಸೋಸುವ ಕೆಲಸ ತಪ್ಪಿತು ಎಂದು ಸಂತೋಷಪಟ್ಟೆ.

ತಿದ್ದಿ ಬರೆಯುತ್ತೇನೆ. ಅಮ್ಮನಿಗೆ ಮಾತ್ರ ಹೇಳಬೇಡಿ. ಫೋನಿನಲ್ಲಿ ಈಗ ಅವಳು ಊಟ ಆಯಿತಾ ಎಂದು ಕೇಳಿ ಸುಮ್ಮನಾಗುತ್ತಾಳೆ.

ಗೋಕಿಲಾ

•

19 ಡಿಸೆಂಬರ್ 2024

ಗೋಕಿಲಾ,

ನಿನ್ನ ಪತ್ರವನ್ನು ತಿಣ್ಣೆಯ ಮೇಲೆ ಎರಡು ಸಲ ಓದಿದೆ. ಒಂದು ಮಾತು ಕೇಳುತ್ತೇನೆ, ಅಪ್ಪ ಹೀಗೆ ಕೇಳಿದನೆಂದು ಬೇಸರ ಮಾಡಿಕೊಳ್ಳಬೇಡ.

ಮಣ್ಣಿನಲ್ಲೇ ಅಲ್ಯೂಮಿನಿಯಂ ಇದೆ, ತೀಕ್ಷ್ಣವಾದ ಆಮ್ಲ ಅದನ್ನೂ ಸೇರಿಸಿ ಲೆಕ್ಕ ತೋರಿಸುತ್ತದೆ ಎಂದೆಯಲ್ಲ. ತಪ್ಪನ್ನು ಆ ಮಣ್ಣಿನ ಮೇಲೆ ಹಾಕಬಾರದೇ? ಅಳೆಯುವ ದಾರಿ ಸರಿಯಿರಲಿಲ್ಲ, ಈಗ ಬೇರೆ ದಾರಿಯಲ್ಲಿ ಅಳೆದೆವು ಎಂದರೆ ಸಾಕು. ಸುಳ್ಳೂ ಆಗುವುದಿಲ್ಲ. ಕುಮರೇಶನ್ ಷೆಡ್ಡಿನ ಬೀಗವೂ ತೆರೆಯುತ್ತದೆ, ನಿನ್ನ ಕೆಲಸವೂ ಉಳಿಯುತ್ತದೆ. ಬಾಗಿಲಲ್ಲಿ ದೃಷ್ಟಿಗೆ ಕಟ್ಟಿದ ವಸ್ತುವಿನಿಂದಲೇ ಮೈದುನನ ಬಾಳಿಗೆ ಬೆಂಕಿ ಬಿತ್ತು ಎಂದು ಊರು ನಿನ್ನಮ್ಮನನ್ನು ಆಡಿಕೊಂಡರೆ ಅವಳು ತಡೆದುಕೊಳ್ಳುವವಳಲ್ಲ. ಒಳ್ಳೆಯ ಮನಸ್ಸಿನಿಂದ ಮಾಡಿದಳು.

ಅವಳಿಗೆ ಏನೂ ಗೊತ್ತಿಲ್ಲ. ಈಚೆಗೆ ಕುಡಿಯುವ ನೀರಿಗೆ ಪಡಿಕಾರ ಹಾಕುವುದನ್ನು ಬಿಟ್ಟಿದ್ದಾಳೆ, ಬಟ್ಟೆಯಲ್ಲಿ ಸೋಸಿ ಕೊಡುತ್ತಾಳೆ. ಯಾಕೆ ಎಂದು ಕೇಳಿದರೆ, ತೀರಿಹೋಯಿತು ಎಂದಳು.

ಬರೆದದ್ದನ್ನು ನಾನೇ ಒಮ್ಮೆ ಓದಿ ನೋಡಿದೆ. ನಾಚಿಕೆಯಾಗುತ್ತದೆ, ಆದರೂ ಕಳಿಸುತ್ತಿದ್ದೇನೆ.

ಅಪ್ಪ

•

8 ಜನವರಿ 2025

ಅಪ್ಪಾ,

ನೀವು ಕೇಳಿದ್ದಕ್ಕೆ ಬೇಸರವಿಲ್ಲ. ನಿಮ್ಮ ಪತ್ರ ಬರುವ ಮೊದಲೇ ನಾನೂ ಅದನ್ನೇ ಯೋಚಿಸಿದ್ದೆ. ಮಣ್ಣಿನ ಮೇಲೆ ಹಾಕಿ ಒಂದು ಕಾಗದ ಬರೆದೂ ಇದ್ದೆ.

ಆದರೆ ಆ ಮರಿಗಳು ಸತ್ತದ್ದಕ್ಕೆ ಮಣ್ಣು ಕಾರಣವಲ್ಲ. ಮೊದಲ ಕಾಗದದಲ್ಲಿ ಅವು ಸತ್ತವೆಂದು ಬರೆದಿದ್ದೇನೆ. ಲೆಕ್ಕ ತಿದ್ದಿ, ಸಾವಿಗೆ ಕಾರಣ ಹೇಳದೆ ಬಿಟ್ಟರೆ, ಬೀಗ ತೆಗೆದ ಮೇಲೂ ಊರಿನಲ್ಲಿ ಒಬ್ಬರಾದರೂ ಕೇಳುತ್ತಾರೆ: ಹಾಗಾದರೆ ಮರಿ ಸತ್ತದ್ದು ಯಾಕೆ? ಆ ಸಾವು ಚಿಕ್ಕಪ್ಪನ ತಲೆಯ ಮೇಲೇ ಉಳಿಯುತ್ತದೆ. ಅರ್ಧ ನಿಜದಿಂದ ಅವರಿಗೆ ಅರ್ಧ ಬಿಡುಗಡೆ ಅಷ್ಟೆ ಸಿಗುತ್ತದೆ.

ವಿನೋದಿನಿ ಮೇಡಂಗೆ ಎಲ್ಲ ಹೇಳಿದೆ. ಇನ್ನು ಸ್ವಲ್ಪ ಕಾಲ ನಾನು ಅಳೆಯುವ ಕೋಣೆಗೆ ಹೋಗುವಂತಿಲ್ಲ, ಬಾಟಲಿ ತೊಳೆಯುವ ಕಡೆ ಹಾಕಿದ್ದಾರೆ. ನ್ಯಾಯವೇ.

ಪಂಚಾಯತಿಗೆ ಕಾಗದ ತಮಿಳಿನಲ್ಲಿ ಹೋಗಿದೆ. ನಿಮಗಾಗಿ ಕನ್ನಡದಲ್ಲಿ ಬರೆದಿದ್ದೇನೆ.

"ಮೊದಲು ಪರೀಕ್ಷಿಸಿದ ನೀರು ಕೆರೆಯಲ್ಲಿದ್ದ ಹಾಗೆ ಇರಲಿಲ್ಲ. ಅದು ನನ್ನ ಮನೆಯಲ್ಲಿ ಪಡಿಕಾರ ಹಾಕಿ ತಿಳಿ ಮಾಡಿದ ನೀರು. ಹಾಗೆ ಮಾಡಬಾರದೆಂದು ಮನೆಯವರಿಗೆ ತಿಳಿಸದೆ ಇದ್ದವಳು, ನೀರು ತಿಳಿಯಾಗಿರುವುದನ್ನು ಕಂಡೂ ಕೇಳದೆ ಅಳೆದವಳು ನಾನು. ಮೀನಿನ ಮರಿಗಳು ಸತ್ತದ್ದು ಆ ಪಡಿಕಾರದಿಂದ. ಕುಮರೇಶನ್ ಅವರ ಬಣ್ಣದ ಷೆಡ್ಡಿನಿಂದ ಕೆರೆಯ ಮೀನಿಗೆ ಹಾನಿಯಾಯಿತು ಎನ್ನಲು ಯಾವ ಆಧಾರವೂ ಇಲ್ಲ. ಅವರ ಕ್ಷಮೆ ಕೇಳುತ್ತೇನೆ."

ಅಮ್ಮನಿಗೆ ಹೇಗೆ ಹೇಳುತ್ತೀರೋ ನನಗೆ ಗೊತ್ತಿಲ್ಲ. ಆದರೆ ಈಗ ಹೇಳಲೇಬೇಕು.

ಗೋಕಿಲಾ

•

20 ಜನವರಿ 2025

ಚಿರಂಜೀವಿ ಗೋಕಿಲಾಳಿಗೆ ಅಪ್ಪನ ಆಶೀರ್ವಾದ.

ನಾನು ಹೇಳುವ ಕೆಲಸವೇ ಬೀಳಲಿಲ್ಲ.

ನಿನ್ನ ಪತ್ರವನ್ನು ಎಂದಿನ ಹಾಗೆ ತಿಣ್ಣೆಯ ಮೇಲೆ ಕೂತು, ತುಟಿ ಆಡಿಸಿಕೊಂಡು, ಕ್ಷಮೆ ಕೇಳುತ್ತೇನೆ ಎಂಬಲ್ಲಿಯವರೆಗೆ ಓದಿ ತಲೆಯೆತ್ತಿದೆ. ನಿನ್ನಮ್ಮ ಹೊಸ್ತಿಲಲ್ಲಿ ನಿಂತು ಅಳುತ್ತಿದ್ದಳು. ಕೈಯಲ್ಲಿ ಬಾಗಿಲ ಮೇಲಿನ ಪಡಿಕಾರದ ಗೆಡ್ಡೆ ಇತ್ತು, ದಾರದ ಸಮೇತ. ಏನಾಯಿತು ಎಂದು ಕೇಳುವಷ್ಟರಲ್ಲಿ ಒಳಗೆ ಹೋಗಿ ನಡುಬಾಗಿಲು ತಟ್ಟಿದಳು. ತಟ್ಟಿದ ಕೈ ಕೆಳಗಿಳಿಯುವ ಮೊದಲೇ ಬಾಗಿಲು ತೆರೆಯಿತು. ಜಾನಮ್ಮ ಅದರ ಹಿಂದೆಯೇ ನಿಂತಿದ್ದಳು.

ನಿನ್ನಮ್ಮ ಗೆಡ್ಡೆಯನ್ನು ಅವಳ ಮುಂದೆ ಇಟ್ಟು ಅಲ್ಲೇ ನೆಲಕ್ಕೆ ಕೂತು, "ನಾನೇ ಹಾಕ್ದೆ ಜಾನು. ನಿಮ್ಮ ಮನೆ ಕೆಡಿಸ್ದೆ. ಗೊತ್ತಾದ ಮೇಲೂ ಬಾಯಿ ಬರ್ಲಿಲ್ಲ, ಇವರು ನನ್ನ ಕಾಪಾಡಬೇಕು ಅಂತ ಒದ್ದಾಡ್ತಿದ್ರು" ಎಂದಳು.

ಗೊತ್ತಾದ ಮೇಲೂ ಎಂದರೆ? ಯಾರು ಹೇಳಿದರು ನಿನಗೆ ಎಂದು ಕೇಳಿದೆ. ಆಗ ಜಾನಮ್ಮ ನನ್ನ ಮುಖಕ್ಕೆ ಎದುರಾಗಿ ನಿಂತು, ನನಗೆ ತುಟಿ ತಿಳಿಯಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದಳು:

"ಭಾವಾ, ನೀವು ಮನಸ್ನಾಗೆ ಓದೋದಿಲ್ಲ. ಯಾವತ್ತೂ ಓದಿಲ್ಲ. ನೀವು ಕಾಗದ ಹಿಡಿದ್ರೆ ಕೋವಿಲ್ ಗುಡಿ ತನಕ ಕೇಳುತ್ತೆ. ಅಕ್ಕ ಕೈ ಆಡಿಸಿ ಆಡಿಸಿ ಸಾಕಾದ್ರು."

ಗೋಕಿಲಾ, ನಿನ್ನ ಒಂದೊಂದು ಪತ್ರವನ್ನೂ ಊರಿಗೆ ಸಾರಿದವನು ನಾನೇ. ಮೀನಿನ ಮರಿ ಸತ್ತ ಸುದ್ದಿ ಕುಮರೇಶನ್‌ಗೆ ನನಗಿಂತ ಮೊದಲು ತಲುಪಿಸಿದ್ದೂ ನನ್ನ ಬಾಯಿ. ಬರೆದ ಪತ್ರವನ್ನೂ ಒಮ್ಮೆ ಓದಿ ನೋಡುವ ಅಭ್ಯಾಸ ನನ್ನದು. "ಹಾಗಾದ್ರೆ ಮಣ್ಣಿನ ಮೇಲೆ ಹಾಕು ಅಂತ ನಾನು ಬರ್ದದ್ದು?" ಎಂದೆ.

"ಆಮಾ ಹೌದು, ಅದೂ ಕೇಳ್ತು" ಎಂದಳು. "ಪಡಿಕಾರದ ಸಂಗ್ತಿ ಕೇಳಿದ ದಿನದಿಂದ ಈ ಕದದ ಹಿಂದೆ ಕೂತಿದ್ದೆ ಭಾವಾ. ನೀವಾಗಿ ಬಂದು ತಟ್ತೀರ ಅಂತ. ಅವ್ರಿಗೆ ಫೋನ್ ಮಾಡಿ ಹೇಳ್ದೆ. ಅವ್ರೂ ಕಾಯಿ ಅಂದ್ರು."

ಆ ಮಾತಿನ ಮುಂದೆ ನಾನು ಸತ್ತ ಹಾಗಾದೆ. ನಿನ್ನಮ್ಮ ತಟ್ಟಿದಳು, ನಾನು ತಟ್ಟಲಿಲ್ಲ. ಜಾನಮ್ಮ ಗೆಡ್ಡೆಯನ್ನು ಎತ್ತಿಕೊಳ್ಳಲಿಲ್ಲ, ನಿನ್ನಮ್ಮನ ಕೈ ಹಿಡಿದು ಎಬ್ಬಿಸಿದಳು. ಇಬ್ಬರೂ ಬಹಳ ಹೊತ್ತು ಏನೋ ಆಡಿಕೊಂಡರು. ನಾನು ತಲೆ ತಗ್ಗಿಸಿದ್ದರಿಂದ ಅವರ ತುಟಿ ಕಾಣಲಿಲ್ಲ.

ಪೊಂಗಲ್ ಕಳೆದು ಪಂಚಾಯತಿಯವರು ಷೆಡ್ಡಿನ ಬೀಗ ತೆಗೆದರು. ತಮಿಳಿನ ಕಾಗದವನ್ನು ಗೋಡೆಗೆ ಅಂಟಿಸಿ ಹೊರಟರು. ಅಂಟಿಸಿದ್ದನ್ನು ಎಷ್ಟು ಜನ ಓದುತ್ತಾರೆ? ನಾನು ನೀನು ಬರೆದ ಹಾಳೆ ತೆಗೆದುಕೊಂಡು ಕೆರೆಯ ದಂಡೆಗೆ ಹೋಗಿ ನಿಂತೆ. ನನ್ನ ದನಿ ಹೇಗಿದೆಯೆಂದು ನನಗೆ ಗೊತ್ತಿಲ್ಲ, ಆದರೆ ಕೋವಿಲ್‌ವರೆಗೆ ಹೋಗುತ್ತದೆ ಎಂದು ಈಗ ಗೊತ್ತು. ನಮ್ಮ ಬೀದಿಯ ಭಾಷೆಯಲ್ಲಿ, ಒಂದಕ್ಷರ ಬಿಡದೆ ಓದಿದೆ. ನಿನ್ನ ತಪ್ಪಿನ ಜೊತೆಗೆ ನನ್ನದನ್ನೂ ಸೇರಿಸಿದೆ, ಮಣ್ಣಿನ ಮೇಲೆ ಹಾಕಲು ಹೇಳಿದ್ದೆ ಎಂದು. ಮಗ್ಗ ನಿಲ್ಲಿಸಿ ಜನ ಹೊರಗೆ ಬಂದರು.

ಓದುತ್ತಾ ಕಣ್ಣೆತ್ತಿದರೆ, ಜನರ ಹಿಂದೆ ಕುಮರೇಶನ್ ನಿಂತಿದ್ದ. ತಿರುಪ್ಪೂರಿನಿಂದ ಬಸ್ಸಿಳಿದು ನೇರ ಬಂದಿರಬೇಕು, ಚೀಲ ಹೆಗಲಲ್ಲೇ ಇತ್ತು. ಸೊರಗಿಹೋಗಿದ್ದಾನೆ. ದೂರದಿಂದಲೇ ಅವನ ತುಟಿ ಓದಿದೆ.

"ಸಾಕು, ಮೆಲ್ಲ ಓದಣ್ಣಾ" ಎಂದ.

ಅವನೂ ಪೂರ್ತಿ ಕೇಳಲೆಂದು ನಾನು ಮತ್ತೆ ಮೊದಲಿನಿಂದ ಓದಿದೆ.

ಬೇಗ ಮನೆಗೆ ಬಾ. ನಡುಬಾಗಿಲು ತೆರೆದಿದೆ.

ಅಪ್ಪ